ಮುಪ್ಪಿನ ನಾಯಿಯ ಕೀಲುನೋವು ಮತ್ತು ನಿತ್ಯದ ನಡಿಗೆ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದಾಗ, ಮೂವತ್ತೊಂದು ವರ್ಷ ಜೀವಶಾಸ್ತ್ರವನ್ನು ಬೋಧಿಸಿದ ನನ್ನಿಂದ ಅವರು ಪ್ರಾಯಶಃ ಜೀವಕೋಶದ ಕುರಿತೋ ಅನುವಂಶೀಯತೆಯ ಕುರಿತೋ ಏನನ್ನಾದರೂ ನಿರೀಕ್ಷಿಸಿದ್ದಿರಬೇಕು. ಆದರೆ ಕಳೆದ ಮೂರು ವರ್ಷಗಳಿಂದ ನಾನು ನಿತ್ಯವೂ ಅಭ್ಯಾಸ ಮಾಡುತ್ತಿರುವ ವಿಷಯ ಬೇರೆ. ಅದು ನಮ್ಮ ಮನೆಯ ಪಡಸಾಲೆಯಲ್ಲಿ ಹಳೆಯ ಕೌದಿಯೊಂದರ ಮೇಲೆ ಮಲಗಿರುತ್ತದೆ. ಹೆಸರು ಕೆಂಚ, ವಯಸ್ಸು ಹದಿಮೂರು. ವಸತಿನಿಲಯದ ಅಡುಗೆಮನೆಯ ಹಿಂದೆ ಹುಟ್ಟಿ, ಅಲ್ಲಿಯೇ ಬೆಳೆದು, ನಾನು ನಿವೃತ್ತನಾದ ಸಂಜೆ ನನ್ನ ಹಿಂದೆಯೇ ನಡೆದು ಮನೆಗೆ ಬಂದ ನಾಯಿ ಅದು. ಪ್ರಾರ್ಥನೆಯ ವೇಳೆಗೆ ಸಾಲಿನ ಕೊನೆಯಲ್ಲಿ ಬಂದು ಕುಳಿತುಕೊಳ್ಳುತ್ತಿದ್ದ ಕೆಂಪು ನಾಯಿಯನ್ನು ಆ ವರ್ಷಗಳ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮರೆತಿರಲಾರರು.

ನಾಯಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಾಸನವು ಕಾಳಿ ಎಂಬ ಬೇಟೆನಾಯಿಯ ನೆನಪನ್ನು ಉಳಿಸಿದೆ. ಗಂಗರ ಬೂತುಗನಿಂದ ಮಣಲೆರನು ಆ ನಾಯಿಯನ್ನು ಮೆಚ್ಚುಗೆಯ ಕೊಡುಗೆಯಾಗಿ ಬೇಡಿ ಪಡೆದನು. ಕಾಡುಹಂದಿಯೊಂದರ ಮೇಲೆ ಅದನ್ನು ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆ ಕಾಳಗದ ಶಿಲ್ಪವನ್ನು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಇನ್ನು ನಮ್ಮ ಭಾಗದ ಮುಧೋಳದ ನಾಯಿಯ ಕೀರ್ತಿಯನ್ನು ಹೇಳುವುದೇ ಬೇಡ. ಘೋರ್ಪಡೆ ಅರಸರ ಆಶ್ರಯದಲ್ಲಿ ಬೆಳೆದ ಆ ತಳಿಯ ಚಿತ್ರವುಳ್ಳ ಅಂಚೆಚೀಟಿಯು 2005ರಲ್ಲಿ ಹೊರಬಂದಿತು. 2016ರಲ್ಲಿ ಅದರ ಮರಿಗಳು ಸೈನ್ಯದ ತರಬೇತಿಗಾಗಿ ಮೀರತ್ತಿಗೆ ಹೋದವು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಅದರ ಸಂವರ್ಧನೆಗೆಂದೇ ಒಂದು ಕೇಂದ್ರವಿದೆ. ಕೆಂಚನ ತಾಯಿಯಲ್ಲಿ ಆ ರಕ್ತ ಒಂದಿಷ್ಟು ಇದ್ದಿತೆಂಬುದನ್ನು ಅದರ ಸಪೂರ ಸೊಂಟ, ಉದ್ದ ಮೂತಿಗಳು ಹೇಳುತ್ತವೆ. ಆದರೆ ಈ ಕೀರ್ತಿಯೆಲ್ಲವೂ ಓಟದ್ದು, ಹೋರಾಟದ್ದು. ಕಾಳಿಯು ಮುಪ್ಪನ್ನು ಕಾಣಲಿಲ್ಲ. ನಾನು ಬರೆಯಹೊರಟಿರುವುದು ಓಟ ನಿಂತ ಮೇಲಿನ ನಾಯಿಯ ವಿಚಾರ.

ನಾಯಿಯ ವಯಸ್ಸನ್ನು ಏಳರಿಂದ ಗುಣಿಸಿದರೆ ಮನುಷ್ಯನ ವಯಸ್ಸು ದೊರೆಯುತ್ತದೆಂದು ನಾನೂ ತರಗತಿಯಲ್ಲಿ ಹೇಳಿದ್ದುಂಟು. ಅದು ಸರಿಯಲ್ಲ. ಒಂದು ವರ್ಷದ ನಾಯಿಯು ಮರಿ ಹಾಕಬಲ್ಲದು. ಏಳು ವರ್ಷದ ಮಗುವಿಗೂ ಅದಕ್ಕೂ ಹೋಲಿಕೆಯೆಲ್ಲಿಯದು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ವಿಜ್ಞಾನಿಗಳು 104 ಲ್ಯಾಬ್ರಡಾರ್ ನಾಯಿಗಳ ಡಿ.ಎನ್.ಎ.ಯಲ್ಲಿ ವಯಸ್ಸಿನೊಡನೆ ಆಗುವ ರಾಸಾಯನಿಕ ಗುರುತುಗಳನ್ನು ಮನುಷ್ಯರವುಗಳೊಡನೆ ಹೋಲಿಸಿ 2020ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. ನಾಯಿಯ ವಯಸ್ಸಿನ ಸ್ವಾಭಾವಿಕ ಲಾಗರಿದಮ್ಮನ್ನು 16ರಿಂದ ಗುಣಿಸಿ 31ನ್ನು ಕೂಡಿಸಬೇಕು. ಒಂದು ವರ್ಷದ ನಾಯಿಗೆ 31, ಐದು ವರ್ಷದ್ದಕ್ಕೆ ಸುಮಾರು 57, ಹದಿಮೂರು ವರ್ಷದ್ದಕ್ಕೆ 72 ಬರುತ್ತದೆ. ಒಂದೇ ತಳಿಯಿಂದ ಪಡೆದ ಲೆಕ್ಕವಾದುದರಿಂದ ಎಲ್ಲ ನಾಯಿಗಳಿಗೂ ಇದನ್ನು ಕಣ್ಣುಮುಚ್ಚಿ ಅನ್ವಯಿಸಲಾಗದು. ಆದರೂ ನನ್ನ ಕುತೂಹಲಕ್ಕೆ ಲೆಕ್ಕ ಹಾಕಿ ನೋಡಿದೆ. ನಿವೃತ್ತಿಯ ದಿನ ಕೆಂಚ ನನಗಿಂತ ಮೂರು ವರ್ಷ ಕಿರಿಯ. ಈಗ ನಾಲ್ಕು ವರ್ಷ ಹಿರಿಯ.

ಮೂರು ವರ್ಷಗಳ ಹಿಂದಿನ ಚಳಿಗಾಲದಲ್ಲಿ ಮೊದಲ ಲಕ್ಷಣಗಳು ಕಾಣಿಸಿಕೊಂಡವು. ಬೆಳಗ್ಗೆ ಎದ್ದಾಗ ಹತ್ತು ಹೆಜ್ಜೆ ಬಿಗಿಯಾಗಿ ನಡೆದು, ಆಮೇಲೆ ಸಡಿಲವಾಗುತ್ತಿತ್ತು. ಕಟ್ಟೆಯ ಮೇಲೆ ಹಾರಿ ಕೂರುವುದನ್ನು ಬಿಟ್ಟಿತು. ಮುಂಗಾಲಿನ ಮಣಿಕಟ್ಟನ್ನು ಸದಾ ನೆಕ್ಕುತ್ತಿದ್ದುದರಿಂದ ಅಲ್ಲಿಯ ಕೂದಲು ಕಂದುಬಣ್ಣಕ್ಕೆ ತಿರುಗಿತು. ಓಣಿಯ ಹುಡುಗರನ್ನು ಕಂಡರೆ ಗುರ್ ಎನ್ನತೊಡಗಿತು. ಇವೆಲ್ಲವನ್ನೂ ನಾನು ಒಂದೇ ಮಾತಿನಲ್ಲಿ ಮುಗಿಸಿದೆ: ವಯಸ್ಸಾಯಿತು. ಮುಪ್ಪು ರೋಗವಲ್ಲ; ನೋವಾದರೋ ರೋಗದ ಲಕ್ಷಣ. ಇವೆರಡನ್ನು ಬೇರ್ಪಡಿಸದೆ ಸುಮ್ಮನಿದ್ದುದು ನನ್ನ ಮೊದಲ ತಪ್ಪು. ನಾಯಿಯು ಕಾಲು ಮುರಿದಾಗ ಕಿರುಚುತ್ತದೆ. ತಿಂಗಳುಗಟ್ಟಲೆ ಉಳಿಯುವ ಕೀಲುನೋವಿಗೆ ಸಾಮಾನ್ಯವಾಗಿ ಕಿರುಚುವುದಿಲ್ಲ. ಮಾಡುತ್ತಿದ್ದ ಕೆಲಸಗಳನ್ನು ಒಂದೊಂದಾಗಿ ಬಿಟ್ಟುಬಿಡುತ್ತದೆ, ಅಷ್ಟೆ.

ಒಳಗೆ ನಡೆಯುತ್ತಿರುವುದೇನು ಎಂಬುದನ್ನು ತಿಳಿಯಬೇಕಾದರೆ ಕೀಲಿನ ರಚನೆಯನ್ನು ನೆನಪಿಗೆ ತಂದುಕೊಳ್ಳಬೇಕು. ಎರಡು ಎಲುಬುಗಳ ತುದಿಗೂ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಎರಡನ್ನೂ ಸುತ್ತುವರಿದ ಚೀಲದ ಒಳಪೊರೆಯು ಎಣ್ಣೆಯಂತೆ ಜಾರುವ ದ್ರವವನ್ನು ಸ್ರವಿಸುತ್ತದೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳೂ ಇಲ್ಲ, ನರಗಳೂ ಇಲ್ಲ. ನರಗಳಿಲ್ಲದ ಕಾರಣ ಸವೆತವು ಆರಂಭವಾದಾಗ ನೋವೇ ತಿಳಿಯದು. ಒಳಪೊರೆಯು ಉರಿತಗೊಂಡು, ಕೆಳಗಿನ ಎಲುಬು ಬಯಲಾಗಿ, ಅಂಚಿನಲ್ಲಿ ಎಲುಬಿನ ಮೊಳಕೆಗಳೇಳುವ ಹೊತ್ತಿಗೆ ನೋವು ಬಲಿತಿರುತ್ತದೆ. ರಕ್ತನಾಳಗಳಿಲ್ಲದ ಕಾರಣ ಮೃದ್ವಸ್ಥಿಗೆ ಆಹಾರವು ಕೀಲಿನ ದ್ರವದಿಂದಲೇ ದೊರೆಯಬೇಕು. ಕಾಲಿನ ಮೇಲೆ ಭಾರ ಬಿದ್ದಾಗ ಅದು ಸ್ಪಂಜಿನಂತೆ ಒತ್ತಿ ದ್ರವವನ್ನು ಹೊರಬಿಡುತ್ತದೆ. ಭಾರ ತೆಗೆದಾಗ ಹೀರಿಕೊಳ್ಳುತ್ತದೆ. ಎಂದರೆ, ನಡೆಯದ ಕೀಲು ಉಪವಾಸ ಬೀಳುತ್ತದೆ. ನಡೆಯದ ಕಾಲಿನ ಸ್ನಾಯುವೂ ಕರಗಿ, ಅದು ಹೊರಬೇಕಾದ ಭಾರವು ಮತ್ತೆ ಕೀಲಿನ ಮೇಲೆಯೇ ಬೀಳುತ್ತದೆ. ನೋವಿರುವ ನಾಯಿಯನ್ನು ಮೂಲೆಯಲ್ಲಿ ಮಲಗಿಸಿ "ವಿಶ್ರಾಂತಿ ಪಡೆಯಲಿ" ಎನ್ನುವ ನಮ್ಮ ಕರುಣೆಯು ಎಲ್ಲಿ ತಪ್ಪುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನನ್ನ ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ನನ್ನ ಮೊಣಕಾಲ ನೋವಿಗೆಂದು ಮನೆಯಲ್ಲಿದ್ದ ಡೈಕ್ಲೋಫಿನಾಕ್ ಗುಳಿಗೆಯನ್ನು, ನನಗೆ ಗುಣ ಕೊಟ್ಟದ್ದು ಅದಕ್ಕೂ ಕೊಟ್ಟೀತೆಂದು, ರೊಟ್ಟಿಯ ತುಣುಕಿನಲ್ಲಿಟ್ಟು ಮೂರು ದಿನ ತಿನ್ನಿಸಿದೆ. ಮೊದಲ ದಿನ ಲವಲವಿಕೆಯಿಂದ ನಡೆಯಿತು; ನಾನು ಹಿಗ್ಗಿದೆ. ಮೂರನೆಯ ದಿನ ವಾಂತಿ. ನಾಲ್ಕನೆಯ ದಿನ ಡಾಂಬರಿನಂತೆ ಕಪ್ಪಾದ ಮಲ. ಜಠರದಲ್ಲಿ ರಕ್ತ ಒಸರುತ್ತಿದೆಯೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಕುರುಹಿಲ್ಲ. ಪಶುವೈದ್ಯನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಗೆ ಆಟೋದಲ್ಲಿ ಹೊತ್ತುಕೊಂಡು ಹೋದೆ. ಎಲ್ಲವನ್ನೂ ಕೇಳಿಸಿಕೊಂಡ ಆತ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

"ಸರ, ಜಠರ, ಮೂತ್ರಪಿಂಡ ಅಂತ ನಮಗ ಪಾಠಾ ಹೇಳಿದವರು ನೀವು. ನಿಮ್ಮ ಗುಳಿಗಿ ಅದಕ್ಕ ಯಾಕ ಕೊಟ್ರಿ?" ಎಂದ.

"ತಪ್ಪಾತಪ್ಪಾ. ಈಗ ಏನ್ ಮಾಡೋಣ ಹೇಳು" ಎಂದೆ.

ಐದು ದಿನ ಸಲಾಯಿನ್ ಹಾಕಿಸಿಕೊಂಡು ಕೆಂಚ ಬದುಕಿತು. ಆ ಐದು ರಾತ್ರಿಗಳನ್ನು ನಾನು ಮರೆಯಲಾರೆ. ಮನುಷ್ಯರ ನೋವಿನ ಗುಳಿಗೆಗಳಾದ ಡೈಕ್ಲೋಫಿನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಇವುಗಳನ್ನು ನಾಯಿಯ ದೇಹವು ನಮ್ಮಂತೆ ನಿಭಾಯಿಸಲಾರದು. ಜಠರದ ಹುಣ್ಣು, ಮೂತ್ರಪಿಂಡದ ಹಾನಿ ಇವು ಅಲ್ಪ ಪ್ರಮಾಣದಲ್ಲಿಯೂ ಸಂಭವಿಸಬಹುದು. ಈ ಲೇಖನದಲ್ಲಿ ಓದುಗರು ಒಂದೇ ವಾಕ್ಯವನ್ನು ನೆನಪಿಡುವುದಾದರೆ ಇದನ್ನೇ ನೆನಪಿಡಬೇಕೆಂದು ಪ್ರಾರ್ಥಿಸುತ್ತೇನೆ.

ಇಲ್ಲಿ ಪ್ರಸಂಗವಶಾತ್ ಇನ್ನೊಂದು ಮಾತು. ಇದೇ ಡೈಕ್ಲೋಫಿನಾಕ್ ನಮ್ಮ ದೇಶದ ರಣಹದ್ದುಗಳನ್ನು ಕೋಟಿಗಟ್ಟಲೆಯಾಗಿ ಅಳಿಸಿತು. ಔಷಧ ಪಡೆದು ಸತ್ತ ದನದ ಮಾಂಸವನ್ನು ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವೆಂಬುದು 2004ರಲ್ಲಿ ಸಿದ್ಧವಾಯಿತು. 2006ರಲ್ಲಿ ಭಾರತದಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫಿನಾಕ್‌ಗಳ ಪಶುಬಳಕೆಗೂ 2023ರಲ್ಲಿ ಅದೇ ಗತಿಯಾಯಿತು. ಹದ್ದುಗಳಿಗೆ ನಿರಪಾಯವೆಂದು ಸಿದ್ಧವಾದ ಮೆಲಾಕ್ಸಿಕ್ಯಾಮ್ ಎಂಬ ಔಷಧವೇ, ತಕ್ಕಷ್ಟು ದಿನಗಳ ಅಂತರ ಕೊಟ್ಟ ಮೇಲೆ, ಕೆಂಚನ ಪಾಲಿಗೂ ಬಂದಿತು.

ಆದರೆ ಅದನ್ನು ಕೊಡುವ ಮೊದಲು ವೈದ್ಯನು ಅವಸರಪಡಲಿಲ್ಲ. ಉಣ್ಣೆಯ ಕಡಿತದಿಂದ ಹರಡುವ ಜ್ವರವೂ ನಮ್ಮ ಸೀಮೆಯ ನಾಯಿಗಳಲ್ಲಿ ಕೀಲುಗಳನ್ನು ಬಾಧಿಸುತ್ತದೆ. ಆದುದರಿಂದ ಮೊದಲು ರಕ್ತಪರೀಕ್ಷೆ ಮಾಡಿಸಿ, ಅದು ಇಲ್ಲವೆಂದು ಖಚಿತಪಡಿಸಿಕೊಂಡ. ಅಂಗಳದಲ್ಲಿ ನಡೆಸಿ ನೋಡಿದ. ಮುಂಗಾಲು ನೋಯುವ ನಾಯಿಯು ಆ ಕಾಲನ್ನು ಊರಿದಾಗ ತಲೆಯನ್ನು ಮೇಲಕ್ಕೆತ್ತುತ್ತದೆ, ಸರಿಯಿರುವ ಕಾಲನ್ನು ಊರಿದಾಗ ತಗ್ಗಿಸುತ್ತದೆ. ಕೆಂಚ ಎಡಗಾಲಿಗೆ ತಲೆಯೆತ್ತುತ್ತಿತ್ತು. ನಿಂತ ನಾಯಿಯ ಭಾರದಲ್ಲಿ ಸುಮಾರು ನೂರಕ್ಕೆ ಅರವತ್ತು ಪಾಲು ಮುಂಗಾಲುಗಳ ಮೇಲಿರುವುದರಿಂದ ಮೊಣಕೈ, ಮಣಿಕಟ್ಟುಗಳ ನೋವು ಕಡೆಗಣಿಸತಕ್ಕದ್ದಲ್ಲ. ಎಕ್ಸರೇ ಚಿತ್ರದಲ್ಲಿ ಎಡ ಮೊಣಕೈಯೂ ಎರಡೂ ಚಪ್ಪೆಗಳೂ ಸವೆದದ್ದು ಕಂಡಿತು. ಔಷಧವನ್ನು ಊಟದೊಡನೆಯೇ ಕೊಡಬೇಕು, ಕಾಲಕಾಲಕ್ಕೆ ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸಬೇಕು ಎಂದು ಬರೆದುಕೊಟ್ಟ. ನೋವಿನ ನರಗಳನ್ನು ಚೋದಿಸುವ ಪದಾರ್ಥವನ್ನೇ ತಡೆಯುವ ಬೆಡಿನ್ವೆಟ್ಮ್ಯಾಬ್ ಎಂಬ ತಿಂಗಳಿಗೊಂದರ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು. ಮರುವರ್ಷವೇ ಅಲ್ಲಿಯ ಔಷಧ ಇಲಾಖೆಯು ಅದರ ದುಷ್ಪರಿಣಾಮಗಳ ಕುರಿತು ಪಶುವೈದ್ಯರಿಗೆ ಎಚ್ಚರಿಕೆಯ ಪತ್ರವನ್ನೂ ಬರೆಯಿತು. ಹೊಸದೆಂಬ ಒಂದೇ ಕಾರಣಕ್ಕೆ ಅದರತ್ತ ಓಡುವ ಅವಸರ ನನಗಿಲ್ಲ.

ಗುಳಿಗೆಗಿಂತಲೂ ಮಿಗಿಲಾದ ಔಷಧ ತೂಕ. 2002ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರವನ್ನು ಜೀವಮಾನವಿಡೀ ಕೊಡಲಾಯಿತು. ಕಡಿಮೆ ಉಂಡ ಗುಂಪಿನ ಮಧ್ಯಮ ಆಯುಷ್ಯ 13 ವರ್ಷ. ಹೆಚ್ಚು ಉಂಡದ್ದು 11.2 ವರ್ಷ. ಗುಂಪಿನ ಅರ್ಧ ನಾಯಿಗಳಿಗೆ ಕೀಲುನೋವಿನ ಔಷಧ ಬೇಕಾದ ವಯಸ್ಸು ಮೊದಲನೆಯದರಲ್ಲಿ 13.3, ಎರಡನೆಯದರಲ್ಲಿ 10.3. ಈ ಮೂರು ವರ್ಷಗಳ ಅಂತರವನ್ನು ಯಾವ ಗುಳಿಗೆಯೂ ಕೊಡಲಾರದು. ಕೆಂಚನ ತೂಕ ಆಗ 27 ಕಿಲೋ ಇದ್ದಿತು, ಈಗ 23. ತಕ್ಕಡಿಯಿಲ್ಲದವರು ಕೈಯಿಂದಲೇ ನೋಡಬಹುದು. ಪಕ್ಕೆಯ ಮೇಲೆ ಬೆರಳಾಡಿಸಿದರೆ ಎಲುಬುಗಳು ನಮ್ಮ ಅಂಗೈ ಹಿಂಬದಿಯ ಎಲುಬುಗಳಂತೆ ಸುಲಭವಾಗಿ ತಾಕಬೇಕು. ಒತ್ತಿ ಹುಡುಕಬೇಕಾದರೆ ತೂಕ ಹೆಚ್ಚಾಗಿದೆಯೆಂದೇ ಅರ್ಥ.

ಜೋಳದ ರೊಟ್ಟಿ, ಹಾಲು, ಮೊಸರಿನ ಮೇಲೆ ನಾಯಿ ಬದುಕುವುದು ಹೇಗೆಂದು ಹುಡುಗರು ಕೇಳುತ್ತಿದ್ದರು. ತೋಳದಿಂದ ಬೇರ್ಪಟ್ಟು ಮನುಷ್ಯನ ಎಂಜಲಿಗೆ ಹೊಂದಿಕೊಂಡ ನಾಯಿಯಲ್ಲಿ ಪಿಷ್ಟವನ್ನು ಜೀರ್ಣಿಸುವ ಜೀನಿನ ಪ್ರತಿಗಳು ಹೆಚ್ಚಿವೆಯೆಂಬುದು 2013ರಲ್ಲಿ ಬೆಳಕಿಗೆ ಬಂದಿತು. ಉತ್ತರವೇನೋ ಸಿಕ್ಕಿತು, ಆದರೆ ಬರಿಯ ರೊಟ್ಟಿಯಿಂದ ಮುದಿ ನಾಯಿಯ ಸ್ನಾಯು ಉಳಿಯದು. ಪ್ರೋಟೀನು ಬೇಕು. ನಮ್ಮದು ಸಸ್ಯಾಹಾರದ ಮನೆಯಾದುದರಿಂದ ವೈದ್ಯನು ಸಿದ್ಧ ಆಹಾರದೊಡನೆ ಪನೀರು, ಮೊಸರುಗಳನ್ನು ಗೊತ್ತುಮಾಡಿದ. ಕೀಲಿನ ಉರಿತಕ್ಕೆ ಮೀನೆಣ್ಣೆಯ ಗುಳಿಗೆಯನ್ನೂ ಬರೆದ. ಇದನ್ನು ಕೇಳಿ ನಮ್ಮ ಮನೆಯವರು, "ಮೀನೆಣ್ಣಿ ಯಾಕ, ಅಗಸಿ ಹಿಂಡಿ ಹಾಕೋಣಲ್ಲ?" ಎಂದರು. ಮಾತು ಯೋಗ್ಯವೇ, ಅಗಸೆಯಲ್ಲಿಯೂ ಒಮೆಗಾ-3 ಇದೆ. ಆದರೆ ಅದನ್ನು ಕೀಲಿಗೆ ಒದಗುವ ರೂಪಕ್ಕೆ ಪರಿವರ್ತಿಸುವ ಶಕ್ತಿ ನಾಯಿಯಲ್ಲಿ ಅತ್ಯಲ್ಪ. ಮೇಲಾಗಿ ನಮ್ಮ ಅಗಸೆ ಹಿಂಡಿಯಲ್ಲಿ ಬೆಳ್ಳುಳ್ಳಿಯಿರುತ್ತದೆ. ಬೆಳ್ಳುಳ್ಳಿ, ಉಳ್ಳಾಗಡ್ಡಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪಲ್ಯ ಸವರಿದ ರೊಟ್ಟಿಯನ್ನು ನಾಯಿಗೆ ಹಾಕುವ ರೂಢಿಯೂ ಈ ಕಾರಣದಿಂದಲೇ ನಿಲ್ಲಬೇಕು. ದ್ರಾಕ್ಷಿ, ಒಣದ್ರಾಕ್ಷಿಗಳಂತೂ ಸರ್ವಥಾ ಕೂಡದು. ಕೊನೆಗೆ ಮೀನೆಣ್ಣೆಯ ಡಬ್ಬಿಗೆ ಅಡುಗೆಮನೆಯಲ್ಲಿ ಅಲ್ಲ, ಹಿತ್ತಲ ಗೂಡಿನಲ್ಲಿ ಸ್ಥಳ ದೊರೆಯಿತು. ಅದನ್ನು ಕೊಡುವ ಕೆಲಸ ನನ್ನದು. ಕೊಟ್ಟ ಮೇಲೆ ಕೈ ತೊಳೆದುಕೊಂಡು ಬರಬೇಕೆಂಬುದು ಕರಾರು.

ಇನ್ನು ನಡಿಗೆಯ ವಿಚಾರ. ಮೊದಲು ನಾವು ಬೆಳಗ್ಗೆ ಒಂದು ಗಂಟೆ ಕೆರೆಯ ಏರಿಯವರೆಗೆ ಹೋಗಿ ಬರುತ್ತಿದ್ದೆವು, ಸಂಜೆ ಇಲ್ಲ. ಮಕ್ಕಳು ಊರಿಗೆ ಬಂದ ರವಿವಾರ ಎರಡು ಗಂಟೆಯೂ ಆಗುತ್ತಿತ್ತು, ಸೋಮವಾರ ಕೆಂಚ ಏಳುತ್ತಲೇ ಇರಲಿಲ್ಲ. ವೈದ್ಯನು ಆ ಒಂದು ಗಂಟೆಯನ್ನು ಒಡೆದು ಹದಿನೈದು ಹದಿನೈದು ನಿಮಿಷದ ಮೂರು ನಡಿಗೆಗಳನ್ನಾಗಿ ಮಾಡಿದ. ಪ್ರತಿದಿನವೂ ಅಷ್ಟೇ, ರವಿವಾರವೂ ಅಷ್ಟೇ. ನಾಯಿಗೆ ಹುರುಪಿರುವ ದಿನ ಹೆಚ್ಚು ನಡೆಸಿ, ಮರುದಿನ ಮಲಗಿಸುವುದು ಕೀಲಿಗೆ ಅತ್ಯಂತ ಕೆಟ್ಟದ್ದು. ಮೊದಲ ಐದು ನಿಮಿಷ ಅದರ ವೇಗಕ್ಕೇ ಬಿಡಬೇಕು, ಎಳೆಯಬಾರದು. ಕೊರಳಪಟ್ಟಿಯ ಬದಲು ಎದೆಗೆ ಸುತ್ತುವ ಪಟ್ಟಿ ಹಾಕಿದರೆ ಕುತ್ತಿಗೆಯ ಮೇಲೆ ಎಳೆತ ಬೀಳುವುದಿಲ್ಲ, ಎಡವಿದಾಗ ಹಿಡಿದೆತ್ತಲೂ ಬರುತ್ತದೆ. ಚೆಂಡು ಎಸೆದು ಓಡಿಸುವುದನ್ನು ನಿಲ್ಲಿಸಿದೆವು. ಓಟಕ್ಕಿಂತಲೂ ಗಕ್ಕನೆ ನಿಂತು ತಿರುಗುವುದು ಮೊಣಕೈಯನ್ನು ಕೆಡಿಸುತ್ತದೆ.

ದಾರಿಯನ್ನೂ ಬದಲಿಸಿದೆವು. ಹೊಸ ಕಾಂಕ್ರೀಟು ರಸ್ತೆ ಬಿಟ್ಟು, ಶಾಲೆಯ ಆಟದ ಬಯಲಿನ ಅಂಚಿನ ಮಣ್ಣುದಾರಿಯಲ್ಲಿ ನಡೆಯುತ್ತೇವೆ. ನಮ್ಮ ಸೀಮೆಯ ಬೇಸಗೆಯಲ್ಲಿ ಡಾಂಬರು ಸಂಜೆ ಆರರವರೆಗೂ ಕಾದಿರುತ್ತದೆ. ನನ್ನ ಅಂಗೈಯ ಹಿಂಬದಿಯನ್ನು ನೆಲಕ್ಕೊತ್ತಿ, ಏಳನ್ನು ಎಣಿಸುವವರೆಗೆ ತಾಳಲಾರದಿದ್ದರೆ ಅದರ ಪಾದಕ್ಕೂ ತಾಳದೆಂದು ತಿಳಿಯುತ್ತೇನೆ. ನಾಯಿಯು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ತಣಿಯಬೇಕು. ಆದುದರಿಂದ ಮಾರ್ಚಿನಿಂದ ಮಳೆ ಬೀಳುವವರೆಗೆ ನಮ್ಮ ಮೊದಲ ನಡಿಗೆ ಸೂರ್ಯೋದಯಕ್ಕೆ ಮುಂಚೆ, ಕೊನೆಯದು ರಾತ್ರಿ ಊಟದ ನಂತರ. ನಡುವಿನದನ್ನು ಹಿತ್ತಲ ಬೇವಿನ ನೆರಳಿನಲ್ಲಿಯೇ ಸುತ್ತಿ ಮುಗಿಸುತ್ತೇವೆ.

ಮೂಸುವುದಕ್ಕೆ ಸಮಯ ಕೊಡಬೇಕೆಂಬುದನ್ನು ನಾನು ತಡವಾಗಿ ಕಲಿತೆ. ಪ್ರತಿ ಕಂಬದ ಬುಡದಲ್ಲಿಯೂ ಅದು ನಿಲ್ಲುತ್ತಿದ್ದಾಗ ನನಗೆ ಬೇಸರ ಬರುತ್ತಿತ್ತು. ಅದರ ಕಣ್ಣು ಮಸುಕಾಗಿದೆ, ಕಿವಿ ಮಂದವಾಗಿದೆ. ಮೂಗೊಂದು ಇನ್ನೂ ಚುರುಕಾಗಿದೆ. ಊರಿನ ವರ್ತಮಾನವೆಲ್ಲ ಅದಕ್ಕೆ ಆ ಕಂಬದ ಬುಡದಲ್ಲಿಯೇ ದೊರೆಯುವುದು. ನಾನು ಗ್ರಂಥಾಲಯದಲ್ಲಿ ಪತ್ರಿಕೆ ಓದುವಾಗ ಯಾರಾದರೂ ತೋಳು ಹಿಡಿದೆಳೆದರೆ ಹೇಗಾದೀತು?

ಮನೆಯೊಳಗೆ ಮಾಡಿದ ಏರ್ಪಾಡುಗಳು ಹೆಚ್ಚು ವೆಚ್ಚದವಲ್ಲ. ನುಣುಪಾದ ಹಾಸುಗಲ್ಲಿನ ಮೇಲೆ ಅದರ ಹಿಂಗಾಲು ಜಾರಿ ಅಗಲವಾಗುತ್ತಿದ್ದುದರಿಂದ, ಮಲಗುವ ಸ್ಥಳದಿಂದ ನೀರಿನ ಬೋಗುಣಿಯವರೆಗೆ ಗೋಣಿತಾಟುಗಳನ್ನು ಹಾಸಿದೆವು. ಮೆಟ್ಟಿಲಿಗೆ ಒಂದು ಹಲಗೆಯನ್ನು ಇಳಿಜಾರಾಗಿಟ್ಟು ಅದಕ್ಕೂ ಗೋಣಿ ಬಿಗಿದೆವು. ಉಗುರುಗಳನ್ನು ಮೂರು ವಾರಕ್ಕೊಮ್ಮೆ ಕತ್ತರಿಸುತ್ತೇನೆ. ಕಡಿಮೆ ನಡೆಯುವ ನಾಯಿಯ ಉಗುರು ಸವೆಯದೆ ಬೆಳೆದು, ಬೆರಳನ್ನು ಹಿಂದಕ್ಕೆ ನೂಕಿ, ನಡಿಗೆಯನ್ನೇ ಕೆಡಿಸುತ್ತದೆ. ಚಳಿಗಾಲದ ಬೆಳಗ್ಗೆ ಬಿಸಿನೀರಿನ ಚೀಲವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಚಪ್ಪೆಯ ಮೇಲಿಟ್ಟರೆ ಏಳುವುದು ಸುಲಭವಾಗುತ್ತದೆ.

ಶಾಲೆಯ ಹಾಜರಿ ಪುಸ್ತಕದ ಅಭ್ಯಾಸ ಬಿಡದೆ ನಾನೊಂದು ವಹಿಯನ್ನು ಇಟ್ಟಿದ್ದೇನೆ. ಎದ್ದ ಹೊತ್ತು, ಬಿಗಿಯಾಗಿ ನಡೆದ ಹೆಜ್ಜೆಗಳು, ಉಂಡದ್ದು, ಔಷಧ, ತಾನಾಗಿಯೇ ಎದ್ದು ಬಾಗಿಲಿಗೆ ಬಂದಿತೋ ಇಲ್ಲವೋ, ಇವಿಷ್ಟನ್ನು ಗುರುತು ಹಾಕುತ್ತೇನೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ನೋವಿನ ಪ್ರಶ್ನಾವಳಿಯೊಂದು ಪಶುವೈದ್ಯರ ಬಳಕೆಯಲ್ಲಿದೆ. ಮಾತಿಲ್ಲದ ರೋಗಿಯ ಪರವಾಗಿ ಮನೆಯವರೇ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ನೆನಪನ್ನು ನಂಬಲಾಗದು. ನಿನ್ನೆ ನಡೆದದ್ದನ್ನು ನೋಡಿ ಇಡೀ ವಾರ ಚೆನ್ನಾಗಿತ್ತೆಂದು ಮನಸ್ಸು ನಮ್ಮನ್ನು ಮೋಸಗೊಳಿಸುತ್ತದೆ.

ಕಳೆದ ಮಳೆಗಾಲದಲ್ಲಿ ವಹಿಯ ಪುಟಗಳು ಕೆಟ್ಟವು. ಇಪ್ಪತ್ತೆರಡು ದಿನಗಳಲ್ಲಿ ಹದಿನಾಲ್ಕು ದಿನ ಕೆಂಚ ತಾನಾಗಿ ಏಳಲಿಲ್ಲ. ವಹಿಯನ್ನು ಒಯ್ದು ತೋರಿಸಿದೆ. ಔಷಧಗಳನ್ನು ಹೆಚ್ಚಿಸಿ, ಬದಲಿಸಿ ನೋಡೋಣ, ಅದೂ ಫಲಿಸದಿದ್ದರೆ ನಾವು ಇನ್ನೊಂದು ಮಾತನ್ನು ಆಡಬೇಕಾಗುತ್ತದೆ ಎಂದು ವೈದ್ಯನು ಮೆಲ್ಲಗೆ ಹೇಳಿದ. ಆ ಮಾತು ಯಾವುದೆಂದು ನನಗೆ ತಿಳಿದಿತ್ತು. ಅದಕ್ಕೆ ನನ್ನ ಮನಸ್ಸು ಒಪ್ಪುವುದೋ ಇಲ್ಲವೋ ಎಂದು ಇಂದಿಗೂ ಹೇಳಲಾರೆ. ನಮ್ಮ ಹಿರಿಯರು ಪ್ರಾಣಿಯನ್ನು ಕೊನೆಯವರೆಗೆ ಸಾಕುವುದೇ ಧರ್ಮವೆಂದರು, ಅವರ ಕಾಲದಲ್ಲಿ ಪ್ರಾಣಿಗಳು ಇಷ್ಟು ದಿನ ನರಳುತ್ತ ಬದುಕುತ್ತಲೂ ಇರಲಿಲ್ಲ. ವೈದ್ಯನಿಗೆ ಒಂದು ಮಾತು ಕೊಟ್ಟೆ. ತೀರ್ಮಾನಿಸುವಾಗ ನನ್ನ ದುಃಖವನ್ನು ನೋಡುವುದಿಲ್ಲ, ವಹಿಯನ್ನು ನೋಡುತ್ತೇನೆ, ಎಂದು.

ಔಷಧದ ಬದಲಾವಣೆ ಫಲಿಸಿತು. ಮಳೆ ನಿಂತ ಮೇಲೆ ಪುಟಗಳು ಸುಧಾರಿಸಿವೆ. ಕೆರೆಯ ಏರಿ ಈಗ ನಮ್ಮಿಬ್ಬರಿಗೂ ದೂರ. ಆಟದ ಬಯಲಿನ ಮೂಲೆಯಲ್ಲಿರುವ ಹುಣಸೆಮರದವರೆಗೆ ಹೋಗಿ ತಿರುಗುತ್ತೇವೆ. ಈ ಲೇಖನವನ್ನು ಮುಗಿಸಿದ ದಿನ ಬೆಳಗ್ಗೆ ಬಿಗಿಯಾದ ಹೆಜ್ಜೆಗಳು ಹದಿನಾರು. ಪ್ರಾರ್ಥನೆಯ ಗಂಟೆ ಬಾರಿಸಿದಾಗ ನಾವು ಮರದ ಕೆಳಗಿದ್ದೆವು. ಕೆಂಚನ ಮಂದ ಕಿವಿಗೆ ಅದು ಕೇಳಿಸಿತೋ, ನೆಲದ ಮೂಲಕ ತಿಳಿಯಿತೋ, ತಲೆಯೆತ್ತಿ ಶಾಲೆಯ ಕಡೆಗೆ ತಿರುಗಿ ಕುಳಿತುಕೊಂಡಿತು. ಹುಡುಗರು ತರಗತಿಗಳಿಗೆ ಹೋಗುವವರೆಗೆ ಏಳಲಿಲ್ಲ, ನಾನೂ ಎಬ್ಬಿಸಲಿಲ್ಲ.